ಮೂರನೇ ಸಾಲಿನ ಆಮೆ

ಮಾರ್ಚ್ 4, ಬುಧವಾರ. ಮಧ್ಯಾಹ್ನ 2:10, ಟೋಕನ್ ಗೂಡು

ಮ್ಯಾನೇಜರ್ ಕೊಡುತ್ತೇವೆ ಎಂದದ್ದು: ಪಾರ್ಕಿಂಗಿನ ಮೂರನೇ ಸಾಲಿನಲ್ಲಿ ದಿನಾ ಒಂದರಿಂದ ಎರಡರವರೆಗೆ ಗಾಡಿ ನಿಲ್ಲಿಸುವುದಿಲ್ಲ, ಕೆಲಸದವರು ಅಲ್ಲಿನ ಬಟ್ಟೆ ಚಪ್ಪರದ ನೆರಳಲ್ಲಿ ಕೂತು ಉಣ್ಣಬಹುದು. ಎರಡು ಬೆಂಚು. ಕುಡಿಯಲು ನೀರು. ಬುಧವಾರ ಅದೇ ಹೊತ್ತಿಗೆ ಸಂಘದ ಸಭೆ, ಯಾರೂ ತಡೆಯುವುದಿಲ್ಲ.

ಇಲ್ಲ ಎಂದದ್ದು: ಬೆಂಚು — "ನಾನ್ಯಾವಾಗ ಹೇಳ್ದೆ?" ನೀರು — ಕೆಫೆಯವರನ್ನು ಕೇಳಿ. ಕೆಫೆಯವರು — ಮ್ಯಾನೇಜರನ್ನು ಕೇಳಿ. ಸರಿಯಾಗಿ ಸಭೆಯ ಹೊತ್ತಿಗೇ ನೆರಳು ಮುಚ್ಚಿಸುತ್ತೀರಿ ಎಂದೆವು. "ಛೆ ಛೆ, ಗಾಳಿ ಕಣಮ್ಮ" ಎಂದ.

ಇವತ್ತೂ ಮುಚ್ಚಿತು. ಒಂದೂವರೆಗೆ ಕೂತೆವು. ಬ್ಯಾನರ್ ಕಟ್ಟಿದೆ. ನಮ್ಮ ಅಧ್ಯಕ್ಷ ಎದ್ದು ನಿಂತ — ಗೇಟಿನ ಕಾವಲಿನವನು, ಇಪ್ಪತ್ತು ವರ್ಷ ಸೀಟಿ ಊದಿ ಊದಿ ಸೀಟಿ ಎಂದೇ ಹೆಸರಾದವನು. "ಸಂಗಾತಿಗಳೇ" ಎಂದು ಎರಡು ಮಾತು ಆಡಿರಲಿಲ್ಲ, ಮೇಲೆ ಗುರ್ ಎಂದು ಮೋಟಾರು. ಬಟ್ಟೆ ಸುತ್ತಿಕೊಳ್ಳುತ್ತಾ ಗೋಡೆಗೆ ಹೋಗಿ ಸೇರಿತು. ನೆತ್ತಿಯ ಮೇಲೆ ಬಿಸಿಲು, ಕೆಳಗೆ ಕಾದ ಕಾಂಕ್ರೀಟು. ಮೂವತ್ತು ಜನ ಇದ್ದವರು ಐದು ನಿಮಿಷದಲ್ಲಿ ಆರು. ಹೋದ ಬುಧವಾರವೂ ಇದೇ ಕಥೆ.

ಉಣ್ಣಲು ಕೂತರೆ ಮುಚ್ಚುವುದಿಲ್ಲ. ತಿನ್ನಲು ಬಾಯಿ ತೆರೆದರೆ ನೆರಳುಂಟು, ಮಾತಾಡಲು ತೆರೆದರೆ ಇಲ್ಲ. ಎಂಥ ಗಾಳಿ ಇದು, ಸಂಘದ ವಾಸನೆ ಹಿಡಿಯುವ ಗಾಳಿ?

ಮಾರ್ಚ್ 5, ಗುರುವಾರ. ಬೆಳಗ್ಗೆ 7:15

ಇದರ ಹೆಸರು ಆಟೋಮ್ಯಾಟಿಕ್ ಆನಿಂಗ್. ನಮ್ಮ ಬಾಯಲ್ಲಿ ಆಮೆ. ಬಿಸಿಲೇರಿದರೆ ಗೋಡೆಯ ಪೆಟ್ಟಿಗೆಯಿಂದ ತಾನಾಗಿ ಕತ್ತು ಚಾಚುತ್ತದೆ, ಬಿಸಿಲಿಳಿದರೆ ಒಳಗೆಳೆದುಕೊಳ್ಳುತ್ತದೆ. ಒಟ್ಟು ಹದಿನೆಂಟು. ಹನ್ನೆರಡು ಕಾರುಗಳಿಗೆ, ಆರು ಕೆಫೆಯ ಹೊರಗಿನ ಮೇಜುಗಳಿಗೆ. ಕಾರಿನ ಸೀಟು ಕಾಯಬಾರದು, ಕಾಫಿ ಕುಡಿಯುವವರ ಕುತ್ತಿಗೆ ಬೆವರಬಾರದು. ಕಸ ಗುಡಿಸುವ ದೊಡ್ಡಮ್ಮನ ತಲೆ ಎಷ್ಟು ಬೇಕಾದರೂ ಕಾಯಬಹುದು. ಕಾದಿತು ಕೂಡ. ಜನವರಿ ಕೊನೆಗೆ ಪೊರಕೆ ಹಿಡಿದುಕೊಂಡೇ ಬಿದ್ದು ಹಣೆ ಒಡೆದುಕೊಂಡಳು. ಆಮೇಲೆ ಬಂದದ್ದು ಮೇಲಿನ ಮಾತುಗಳೆಲ್ಲ.

ಆಮೆಗಳನ್ನು ನೋಡಿಕೊಳ್ಳುವವನು ನನ್ನ ತಂಗಿಯ ಗಂಡ. ಆನಿಂಗ್ ಕಂಪನಿಯ ಗುತ್ತಿಗೆ ಆಳು. ಎಲ್ಲರ ಬಾಯಲ್ಲಿ ಆಮೆ ಡಾಕ್ಟರ್. ಸಂಘಕ್ಕೆ ಕರೆತಂದವಳು ನಾನೇ. ರಿಮೋಟ್ ಎರಡಿವೆ. ಒಂದು ಮ್ಯಾನೇಜರನ ಡ್ರಾಯರಿನಲ್ಲಿ, ಇನ್ನೊಂದು ಇವನ ಜೇಬಿನಲ್ಲಿ.

ಈಗಷ್ಟೇ ಕೇಳಿ ಬಂದೆ. ಏಣಿ ಮೇಲಿದ್ದ.

"ನಿನ್ನೆ ಯಾರಪ್ಪ ಮುಚ್ಚಿದ್ದು?"

"ಯಾರೂ ಇಲ್ಲ ಅಕ್ಕ. ಅದೇ ಮುಚ್ಕೊಂಡಿದೆ." ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹೇಳಿದ. "ನೀವು ಆ ಬ್ಯಾನರ್ ಅಲ್ಲಿ ಕಟ್ಬೇಡಿ. ಅದಕ್ಕೆ ಆಗಿಬರೋಲ್ಲ."

"ಯಾವುದಕ್ಕೆ ಆಗಿಬರೋಲ್ಲ?"

ಅಷ್ಟರಲ್ಲಿ ಗೇಟಿನಲ್ಲಿ ಹಾರನ್. ಓಡಿ ಬಂದೆ.

ಆಗಿಬರೋಲ್ಲವಂತೆ. ಯಾರಿಗೆ ಎಂದು ಬಿಡಿಸಿ ಹೇಳಬೇಕೆ? ಕೆಂಪು ಬಟ್ಟೆ ಕಂಡರೆ ಯಾರ ಕಣ್ಣು ಉರಿಯುತ್ತದೆ ಎಂದು ಗೊತ್ತಿಲ್ಲವೆ? ಮ್ಯಾನೇಜರನ ಮಾತು ಇವನ ಬಾಯಿಗೆ ಹೇಗೆ ಬಂತು?

ಬ್ಯಾನರ್ ಬಿಟ್ಟು ನಾನು ಸಭೆ ಕೂರಿಸುವುದಿಲ್ಲ. ಹಿಂದೆ ಗಾರ್ಮೆಂಟ್ಸ್ ಗೇಟಿನಲ್ಲಿ ಹನ್ನೊಂದು ದಿನ ಕೂತಾಗ ಕಲಿತ ಪಾಠ. ಬ್ಯಾನರ್ ಇದ್ದರೆ ಸಭೆ, ಇಲ್ಲದಿದ್ದರೆ ಹರಟೆ. ಇದನ್ನು ಹೊಲಿದವಳೂ ನಾನೇ. ಎಂಟು ಅಡಿ. ಆಮೆಯ ಮೂತಿಯಲ್ಲಿ ಒಂದು ಉದ್ದ ಕಂಬಿ ಇದೆ, ಅದಕ್ಕೆ ನಾಲ್ಕು ಗಂಟು ಬಿಗಿದರೆ ರಸ್ತೆಯವರೆಗೂ ಕಾಣುತ್ತದೆ.

ಮಾರ್ಚ್ 11, ಬುಧವಾರ. ಮಧ್ಯಾಹ್ನ 1:55

ನಾಲ್ಕೇ ನಿಮಿಷಕ್ಕೆ ಮುಚ್ಚಿತು. ಗಡಿಯಾರ ನೋಡಿಕೊಂಡು ಕೂತಿದ್ದೆ.

ಮ್ಯಾನೇಜರ್ ಮೇಲಿನ ಕಿಟಕಿಯಿಂದ ಕೈ ಅಲ್ಲಾಡಿಸಿ "ಗಾಳಿ, ಗಾಳಿ" ಎಂದ. ಕೆಫೆ ಛಾವಣಿಯ ಮೇಲೆ ಗಾಳಿ ಅಳೆಯುವ ಮೂರು ಬಟ್ಟಲಿನ ತಿರುಗಣಿ ಇದೆ. ನೋಡಿದೆ. ಸತ್ತ ಹಾಗೆ ನಿಂತಿತ್ತು. ರ‍್ಯಾಂಪಿನಿಂದ ಬೀಸುವ ಯಾವತ್ತಿನ ಸುಳಿಗಾಳಿ ಬಿಟ್ಟರೆ ಎಲೆ ಅಲುಗುತ್ತಿರಲಿಲ್ಲ. ಹಗಲಲ್ಲೇ ಸುಳ್ಳು.

ಸೀಟಿ ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ ಸೆಕ್ರೆಟರಿ, ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರೆ, ಕೇಳಿದ್ದೀರಾ? ನಮ್ಮಲ್ಲೇ ಯಾವುದೋ ಒಂದು ಕಾವು ಇದೆ."

"ಯಾರಂತೀರಿ?"

"ನಾನು ಹೆಸರು ಹೇಳಲ್ಲ. ನಿಮ್ಮ ಮನೆ ವಿಷಯ."

ಹೆಸರು ಹೇಳದೆಯೇ ಹೇಳಿದ. ನನಗೆ ಆಶ್ಚರ್ಯವಾಗಲಿಲ್ಲ — ಅದನ್ನೂ ಬರೆದಿಡಬೇಕು.

ಮಾರ್ಚ್ 13, ಶುಕ್ರವಾರ. ಸಂಜೆ 5

ಬುಧವಾರ ಅರ್ಧಕ್ಕೆ ನಿಂತ ಸಭೆಯನ್ನು ಗುಟ್ಟಾಗಿ ಇವತ್ತಿಗೆ ಹಾಕಿದ್ದೆವು. ನೋಟೀಸಿಲ್ಲ, ಫೋನಿಲ್ಲ. ಬೆಳಗ್ಗೆ ಕಿವಿಯಿಂದ ಕಿವಿಗೆ. ಮ್ಯಾನೇಜರ್ ಊರಲ್ಲೇ ಇರಲಿಲ್ಲ, ಅವನ ಕೋಣೆಗೆ ಬೀಗ.

ಆದರೂ ಮುಚ್ಚಿತು.

ಅಂದರೆ ಡ್ರಾಯರಿನ ರಿಮೋಟ್ ಅಲ್ಲ. ಉಳಿದದ್ದು ಒಂದೇ ಜೇಬು.

ಮಾರ್ಚ್ 15, ಭಾನುವಾರ. ಸಂಜೆ

ತಂಗಿ ಮನೆಗೆ ಹೋಗಿದ್ದೆ. ಅವಳು ಅವನ ಕಂಪನಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನೇ ಟೀ ತಂದ. ಬಾಗಿಲ ಬಳಿ ಹೊಸ ಬೂಟು.

"ಯಾರು ಕೊಟ್ರು?"

"ಕಂಪನಿ ಅಕ್ಕ. ಏಣಿ ಜಾರತ್ತೆ ಅಂತ."

"ಮೊನ್ನೆ ಮ್ಯಾನೇಜರ್ ನಿನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ಹೋಗ್ತಿದ್ದ."

"ಅವರು ಎಲ್ಲರ ಹೆಗಲ ಮೇಲೂ ಹಾಕ್ತಾರೆ. ನಿಮ್ಮ ಮೇಲೆ ಹಾಕೋಕೆ ಹೆದರ್ತಾರೆ ಅಷ್ಟೆ." ನಕ್ಕ.

ನಗೆಯಲ್ಲೂ ಏನೋ ಇದೆ ಅನಿಸಿತು. ಶರ್ಟಿನ ಜೇಬು ನೋಡಿದೆ. ಗೋಡೆಗೆ ತೂಗಿದ ಚೀಲ ನೋಡಿದೆ. ತಂಗಿ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ಅಕ್ಕ, ನೀನು ಟೀ ಕುಡಿಯೋಕೆ ಬಂದ್ಯಾ, ಪಂಚನಾಮೆ ಮಾಡೋಕೆ ಬಂದ್ಯಾ?"

ಟೀ ಕುಡಿದೆ. ಸಕ್ಕರೆ ಜಾಸ್ತಿ ಹಾಕಿದ್ದ. ಯಾಕೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಟೀಗೆ ಸಕ್ಕರೆ ಜಾಸ್ತಿ ಹಾಕಿದ್ದಕ್ಕೂ ಕಾರಣ ಹುಡುಕುವ ಸ್ಥಿತಿಗೆ ಬಂದಿದ್ದೇನೆ. ಇದನ್ನೂ ಆ ಮ್ಯಾನೇಜರನ ಲೆಕ್ಕಕ್ಕೇ ಬರೆಯುತ್ತೇನೆ.

ಮಾರ್ಚ್ 19, ಗುರುವಾರ. ಮಧ್ಯಾಹ್ನ 2:20

ಸಿಕ್ಕಿಬಿದ್ದ.

ಉಪಾಯ ನನ್ನದು. ಇವತ್ತು ಸಭೆ ಎಂದು ಅವನೊಬ್ಬನಿಗೇ ಹೇಳಿದೆ. ಬೇರೆ ಯಾರಿಗೂ ಹೇಳಲಿಲ್ಲ. ನಿಜವಾದ ಸಭೆ ನಾಳೆ, ಜನರೇಟರ್ ಶೆಡ್ಡಿನ ಹಿಂದೆ. ಅವನು ನಂಬಲಿ ಎಂದು ಬ್ಯಾನರ್ ಕಟ್ಟಿ ಒಬ್ಬಳೇ ಕೂತೆ. ಡಬ್ಬಿ ತೆರೆದೆ. ಎರಡು ತುತ್ತು ಉಂಡಿರಲಿಲ್ಲ — ಗುರ್.

ಒಬ್ಬ ಹೆಂಗಸಿನ ತಲೆ ಮೇಲಿನ ನೆರಳು ಕಿತ್ತುಕೊಳ್ಳಲು ಅವನಿಗೆ ಕೈ ಬಂತಲ್ಲ. ಅದೂ ಹೆಂಡತಿಯ ಅಕ್ಕನ ತಲೆ. ಬಿಸಿಲಲ್ಲೇ ಕೂತು ಪೂರ್ತಿ ಉಂಡೆ. ಕಣ್ಣಲ್ಲಿ ನೀರು ಬಂದದ್ದು ಬೆವರಿಗೆ.

ಮಾರ್ಚ್ 20, ಶುಕ್ರವಾರ. ಸಂಜೆ 6

ಶೆಡ್ಡಿನ ಹಿಂದೆ ಸಭೆ. ಗೋಡೆ, ಡೀಸೆಲ್ ವಾಸನೆ. ಬ್ಯಾನರ್ ಕಟ್ಟಲು ಜಾಗವಿಲ್ಲ. ಅರ್ಧ ಗಂಟೆ ಯಾರೂ ಕದಲಲಿಲ್ಲ. ಆಮೇಲೆ ಅವನನ್ನು ಕರೆಸಿದೆವು.

ನಾನೇ ಎದ್ದು ಹೇಳಿದೆ. ತಾರೀಖು, ಹೊತ್ತು, ನಿನ್ನೆಯ ಬಲೆ, ಎಲ್ಲವನ್ನೂ. ನನ್ನ ದನಿ ನಡುಗಲಿಲ್ಲ. ಬಂಧು ಎಂದು ಬಿಟ್ಟವಳು ಸೆಕ್ರೆಟರಿಯಲ್ಲ — ಈ ಮಾತಿಗೆ ಚಪ್ಪಾಳೆ ಬಿತ್ತು.

ಅವನು ಸುತ್ತ ನೋಡಿದ. "ನಾನು ರಿಮೋಟ್ ಮುಟ್ಟಿಲ್ಲ. ಮೊದಲೇ ಹೇಳಿದ್ನಲ್ಲ ಅಕ್ಕ. ಆ ಬ್ಯಾನರ್ ಬಿಚ್ಚಿ ನೋಡಿ—"

ಮುಂದೆ ಹೇಳಲು ಯಾರೂ ಬಿಡಲಿಲ್ಲ. "ಬ್ಯಾನರ್ ಬಿಚ್ಚು ಅಂತಾನೆ ಕಣ್ರೋ!" ಎಂದು ಸೀಟಿ ಕೂಗಿದ. ಶೆಡ್ಡಿನ ತಗಡು ಅದುರುವ ಹಾಗೆ ಗಲಾಟೆ. ಅವನ ತುಟಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಯಾರಿಗಿರಲಿಲ್ಲ.

ಕಂಪನಿಗೆ ಕಾಗದ: ಈತ ಮ್ಯಾನೇಜರನ ಗೂಢಚಾರ, ಇವನನ್ನು ಇಲ್ಲಿಂದ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಏಣಿ ಗೇಟು ದಾಟಲು ಬಿಡುವುದಿಲ್ಲ. ಅಕ್ಷರ ನನ್ನದು. ಮೂವತ್ತು ಸಹಿ, ದೊಡ್ಡಮ್ಮನ ಹೆಬ್ಬೆಟ್ಟು ಒಂದು.

ಮಾರ್ಚ್ 24, ಮಂಗಳವಾರ. ಬೆಳಗ್ಗೆ 11

ಅವನನ್ನು ತೆಗೆದು ಗೋದಾಮಿಗೆ ಹಾಕಿದ್ದಾರೆ. ಗೆದ್ದೆವು.

ತಂಗಿ ಬಂದಿದ್ದಳು. ಸ್ಕೂಟರ್ ನಿಲ್ಲಿಸಿ ಗೂಡಿನ ಕಿಟಕಿಗೆ ಕೈ ಚಾಚಿದಳು.

"ಒಂದು ಟೋಕನ್ ಕೊಡಿ."

ಕೊಡಿ ಎಂದಳು. ನನಗೆ. ಎತ್ತಿ ಆಡಿಸಿದವಳಿಗೆ ಬಹುವಚನ.

"ಏನೇ ಇದು..."

"ಎಷ್ಟು ಹೊತ್ತು ನಿಲ್ಲಿಸಬಹುದು ಮೇಡಂ? ನಮ್ಮಂಥವರ ಗಾಡಿ ನೆರಳಲ್ಲಿ ನಿಂತ್ರೆ ನಿಮ್ಮ ಸಂಘಕ್ಕೆ ಆಗಿಬರತ್ತಾ?"

ಟೋಕನ್ ಇಸಕೊಂಡು ಅಲ್ಲೇ ಎರಡು ತುಂಡು ಮಾಡಿ ಕಿಟಕಿಯ ಮೇಲಿಟ್ಟು ಹೋದಳು. ಹಿಂದಿನ ಕಾರಿನವನು ಹಾರನ್ ಹೊಡೆಯುತ್ತಲೇ ಇದ್ದ.

ಏಪ್ರಿಲ್ 5, ಭಾನುವಾರ. ಸಂಜೆ 4:40

ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು.

ಹನ್ನೆರಡು ದಿನ ಪುಸ್ತಕ ಮುಟ್ಟಿರಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಎರಡು ಬುಧವಾರವೂ ಶೆಡ್ಡಿನ ಹಿಂದೆಯೇ ಕೂತೆವು, ಅಭ್ಯಾಸವಾಗಿತ್ತು.

ಇವತ್ತು ಕೆಫೆಯ ಹೊರಗೆ ಯಾರದೋ ಮಗುವಿನ ಹುಟ್ಟುಹಬ್ಬ. ಆಮೆಯ ಮೂತಿಯ ಕಂಬಿಗೆ ಉದ್ದಕ್ಕೂ ಬಲೂನು ಕಟ್ಟಿದ್ದರು. ಸ್ವಲ್ಪ ಗಾಳಿ ಇತ್ತು, ಬಲೂನು ಕುಣಿಯುತ್ತಿದ್ದವು. ಕೇಕು ಕತ್ತರಿಸುವ ಹೊತ್ತಿಗೆ ಗುರ್. ಬಲೂನುಗಳ ಸಮೇತ ಬಟ್ಟೆ ಗೋಡೆಗೆ ಹೊರಟಿತು. ಮಗು ಅಳು, ದೊಡ್ಡವರ ಕೂಗು, ಕೇಕಿನ ಮೇಲೆ ಬಿಸಿಲು.

ಮ್ಯಾನೇಜರ್ ಓಡಿ ಬಂದ. ಎರಡು ಕೈ ಮುಗಿದ. "ಸಾರಿ ಸಾರ್, ಕಂಬಿಗೆ ಏನೂ ಕಟ್ಬಾರ್ದು. ಅದರೊಳಗೆ ಸೆನ್ಸರ್ ಇದೆ. ಸ್ವಲ್ಪ ಅಲುಗಾಡಿದ್ರೆ ಸಾಕು, ಗಾಳಿ ಅಂದ್ಕೊಂಡು ಮುಚ್ಕೊಳ್ಳತ್ತೆ. ಹದಿನೈದು ನಿಮಿಷ ಬಿಟ್ಟು ತಾನೇ ತೆರ‍್ಕೊಳ್ಳತ್ತೆ."

ಟೋಕನ್ ಗೂಡು ಬಿಟ್ಟು ಹೋದೆ. ಕಾರುಗಳು ನಿಂತವು, ನಿಲ್ಲಲಿ ಎಂದೆ.

"ಸಾರ್, ಮೂರನೇ ಸಾಲಿಂದೂ ಹಾಗೇನಾ?"

"ಎಲ್ಲಾ ಒಂದೇ ಮಾಡೆಲ್ ಅಲ್ವೇನಮ್ಮ."

"ಛಾವಣಿ ಮೇಲಿನ ತಿರುಗಣಿ?"

"ಅದು ಹಳೇದು. ಕೆಟ್ಟು ಎರಡು ವರ್ಷ ಆಯ್ತು." ಆಮೇಲೆ ನನ್ನ ಮುಖ ನೋಡಿ ನಿಧಾನಕ್ಕೆ ಹೇಳಿದ. "ಯಾಕೆ, ನಿಮ್ಮ ಡಾಕ್ಟರ್ ಹೇಳಿರ್ಲಿಲ್ವಾ? ನಂಗೆ ಫೆಬ್ರವರಿಯಲ್ಲೇ ಬರೆದುಕೊಟ್ಟಿದ್ದ. ಬ್ಯಾನರ್‌ಗೆ ಬೇರೆ ಕಂಬ ಹಾಕ್ಸಿಕೊಡಿ ಅಂತ."

"ಗೊತ್ತಿದ್ದೂ ನೀವು..."

"ಗಾಳಿ ಅಂತ ನಾನು ಹೇಳ್ತಾನೇ ಇದ್ನಲ್ಲಮ್ಮ."

ನಕ್ಕ. ಹಲ್ಲು ಕಾಣಿಸದ ನಗೆ.

ಏಪ್ರಿಲ್ 6, ಸೋಮವಾರ. ಬೆಳಗ್ಗೆ 10:50

ಮ್ಯಾನೇಜರನ ಮಾತನ್ನೂ ನಂಬುವುದಿಲ್ಲ. ನಾನೇ ನೋಡಿದೆ. ಮೂರನೇ ಸಾಲು, ಒಳ್ಳೆಯ ಬಿಸಿಲು. ಬರೀ ಕಂಬಿ: ಇಪ್ಪತ್ತು ನಿಮಿಷ ಏನೂ ಇಲ್ಲ. ಬ್ಯಾನರ್ ಕಟ್ಟಿದೆ. ರ‍್ಯಾಂಪಿನ ಸುಳಿಗಾಳಿಗೆ ಬಟ್ಟೆ ಉಬ್ಬಿತು, ಕಂಬಿ ಸಣ್ಣಗೆ ನಡುಗಿತು. ನೂರಾ ಎಪ್ಪತ್ತು ಎಣಿಸುವಷ್ಟರಲ್ಲಿ ಗುರ್.

ನಾಲ್ಕು ಗಂಟು. ನನ್ನ ಕೈಯವೇ.

"ಅದಕ್ಕೆ ಆಗಿಬರೋಲ್ಲ" ಎಂದಿದ್ದ. ಅದಕ್ಕೆ ಎಂದರೆ ಆಮೆಗೆ. ಇಷ್ಟೇ ಇದ್ದದ್ದು. ಯಂತ್ರದ ಮಾತನ್ನು ಯಂತ್ರದವನು ಹೇಳಿದ. ನಾನು ಅದರೊಳಗೆ ಮ್ಯಾನೇಜರನನ್ನು ಕೂರಿಸಿದೆ.

ಅದೇ ದಿನ. ಸಂಜೆ 7

ತಂಗಿ ಮನೆಯಿಂದ ಬಂದೆ. ಅವಳು ಒಳಗಿಂದ ಹೊರಗೆ ಬರಲಿಲ್ಲ. ಪಾತ್ರೆಯ ಸದ್ದು ಮಾತ್ರ. ಜೋರಾಗಿ, ಬೇಕೆಂದೇ.

ಅವನು ಗೋದಾಮಿನಲ್ಲಿ ಹಳೆಯ ಆಮೆ ಬಟ್ಟೆ ತೊಳೆಯುತ್ತಾನೆ. ಬೆರಳ ತುದಿಗಳು ಬಿಳಿಚಿ ಸುಕ್ಕಾಗಿವೆ. ಅದೂ ಹತ್ತನೇ ತಾರೀಖಿನವರೆಗೆ. ಆಮೇಲೆ ಬರಬೇಡ ಎಂದಿದ್ದಾರಂತೆ. ಸಂಘವೇ ಒಳಗೆ ಬಿಡದವನನ್ನು ಯಾವ ಸೈಟಿಗೆ ಕಳಿಸೋಣ ಎಂದು ಕೇಳಿದರಂತೆ.

"ತಪ್ಪಾಯ್ತಪ್ಪ" ಎಂದೆ.

"ಇಲ್ಲಿ ಹೇಳಿದ್ರೆ ಏನು ಬಂತು ಅಕ್ಕ?" ಸಿಟ್ಟಿಲ್ಲದೆ ಹೇಳಿದ. ಸಿಟ್ಟಿದ್ದರೆ ಚೆನ್ನಾಗಿತ್ತು. "ಮೂವತ್ತೊಂದು ಜನ ಎದ್ದುನಿಂತು ಕಳಿಸಿದ ಕಾಗದ. ನೀವೊಬ್ರು ಬಂದು ಟೀ ಕುಡಿದು ಹೋದ್ರೆ ಅದು ವಾಪಸ್ ಬರತ್ತಾ?"

"ಮ್ಯಾನೇಜರ್‌ಗೆ ಬರೆದುಕೊಟ್ಟಿದ್ದನ್ನ ನಮಗೂ ಬರೆದುಕೊಡಬಾರ್ದಿತ್ತಾ?"

"ಅವರು ಕಾಗದ ಇಲ್ಲದೆ ಕೇಳಲ್ಲ, ಅದಕ್ಕೆ ಬರೆದೆ. ನೀವು ನಮ್ಮವರು, ಬಾಯಲ್ಲಿ ಹೇಳಿದ್ರೆ ಸಾಕು ಅಂದ್ಕೊಂಡೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ಟೀ ಬರಲಿಲ್ಲ.

ಏಪ್ರಿಲ್ 7, ಮಂಗಳವಾರ. ಮಧ್ಯಾಹ್ನ 2

ಸೀಟಿಯ ಜೊತೆ ಜಗಳ. ಗೇಟಿನಲ್ಲೇ, ದೊಡ್ಡಮ್ಮನ ಎದುರಿಗೇ.

"ತಪ್ಪು ಅಂತ ಬರೆದುಕೊಟ್ರೆ ಮ್ಯಾನೇಜರ್ ಅದನ್ನ ಫ್ರೇಮ್ ಹಾಕಿಸ್ತಾನೆ. ನಾಳೆ ಬೆಂಚು ಕೇಳಿದ್ರೆ, ನೀರು ಕೇಳಿದ್ರೆ, ನಿಮ್ಮ ಮಾತು ನಂಬೋದು ಹೇಗಮ್ಮ ಅಂತಾನೆ. ಅವನು ಈಗ ಬಾಯಿ ಬಿಟ್ಟಿದ್ದೇ ನಮ್ಮನ್ನ ಒಡೆಯೋಕೆ."

ನಿಜ. ಅಷ್ಟು ದಿನ ನುಂಗಿಕೊಂಡಿದ್ದವನು ನಿನ್ನೆ ಮೊನ್ನೆ ಯಾಕೆ ಉಗುಳಿದ? ನಾವು ಕಿತ್ತಾಡಲಿ ಎಂದೇ. ಕಿತ್ತಾಡುತ್ತಿದ್ದೇವೆ.

"ಹಾಗಂತ ಒಬ್ಬ ಮನುಷ್ಯನ ಅನ್ನ ಕಿತ್ಕೊಂಡು ಸುಮ್ಮನಿರೋದಾ?"

"ಒಬ್ಬನಿಗೋಸ್ಕರ ಮೂವತ್ತು ಜನರ ನೆರಳು ಬಿಡೋದಾ? ನಿಮ್ಮ ತಂಗಿ ಗಂಡ ಅಂತ ಈಗ ಕರುಳು ಚುರುಕ್ ಅಂತಾ ಇದೆ."

"ಅವತ್ತು ತಂಗಿ ಗಂಡ ಅಂತ ಬಿಡಲಿಲ್ಲ. ಚಪ್ಪಾಳೆ ಹೊಡೆದವರು ನೀವೇ."

ಸೀಟಿ ಸಂಘದ ರಿಜಿಸ್ಟರನ್ನು ಕಂಕುಳಲ್ಲಿ ಅವುಚಿಕೊಂಡ. ಸಭೆ ಕರೆಯುವುದಿಲ್ಲ ಎಂದ. ಆಗ ದೊಡ್ಡಮ್ಮ ಪೊರಕೆ ಗೋಡೆಗೆ ಒರಗಿಸಿ ಎದ್ದಳು.

"ಅಧ್ಯಕ್ಷರೇ, ನನಗೆ ಓದೋಕೆ ಬರಲ್ಲ. ನೀವು ಓದಿ ಹೇಳಿದ್ರಿ, ನಾನು ಒತ್ತಿದೆ. ಸುಳ್ಳಿಗೆ ಒತ್ತಿಸಿಕೊಂಡಿದ್ದೀರಿ. ನನ್ನ ಹೆಬ್ಬೆಟ್ಟು ನಂಗೆ ವಾಪಸ್ ಕೊಡಿ."

"ಅದು ಹೇಗಮ್ಮ ಕೊಡೋಕಾಗತ್ತೆ..."

"ಕೊಡಿ ಅಂದೆ. ಬಿಸಿಲಿಗೆ ಬಿದ್ದು ಹಣೆ ಒಡ್ಕೊಂಡವಳು ನಾನು. ಅವತ್ತು ಎತ್ತಿ ನೀರು ಕುಡಿಸಿದವನು ಅವನು. ನೀವು ಸೀಟಿ ಊದ್ತಿದ್ರಿ."

ಸೀಟಿ ಮುಖ ತಿರುಗಿಸಿದ. ರಿಜಿಸ್ಟರ್ ಬಿಡಲಿಲ್ಲ.

ಏಪ್ರಿಲ್ 8, ಬುಧವಾರ. ಮಧ್ಯಾಹ್ನ 3:30, ಟೋಕನ್ ಗೂಡು

ನಿಯಮದಲ್ಲಿದೆ: ಹತ್ತು ಸದಸ್ಯರು ಕೇಳಿದರೆ ಅಧ್ಯಕ್ಷ ಬೇಡ ಎಂದರೂ ಸಭೆ ಕೂರಬೇಕು. ಬೆಳಗ್ಗೆಯಿಂದ ಸಾಲು ಸಾಲು ತಿರುಗಿದೆ. ಕಾರು ತೊಳೆಯುವ ಇಬ್ಬರು ಸಹಿ ಹಾಕಿದರು. ಕೆಫೆಯಲ್ಲಿ ಟ್ರೇ ಹೊರುವವರು ಮೂವರು. ಲಿಫ್ಟಿನವನು "ನೋಡೋಣ" ಎಂದ, ಅಂದರೆ ಇಲ್ಲ. ಒಬ್ಬ ನನ್ನ ಮುಖಕ್ಕೇ ಕೇಳಿದ, "ಇದು ಯಾರ ಹೊಸ ಆಟ ಮೇಡಂ? ನಿಮಗೆ ಮ್ಯಾನೇಜರ್ ಎಷ್ಟು ಕೊಟ್ಟ?" ಸಂಶಯ ಪಡುವುದನ್ನು ಕಲಿಸಿದವಳು ನಾನು, ಪಾಠ ಚೆನ್ನಾಗಿ ಹತ್ತಿದೆ.

ಎರಡೂವರೆಗೆ ಒಂಬತ್ತು. ಹತ್ತನೆಯದು ದೊಡ್ಡಮ್ಮನದು. ಈ ಸಲ ನನ್ನಿಂದ ಪ್ರತಿ ಸಾಲನ್ನೂ ಎರಡು ಸಲ ಓದಿಸಿದಳು. "ಒಂದಕ್ಷರ ಬಿಟ್ಟಿದ್ರೂ ಹೇಳು" ಎಂದಳು. ಆಮೇಲೆ ಒತ್ತಿದಳು.

ಸಭೆಯ ಮುಂದೆ ಇಡುವುದು. ಒಂದು: ಮಾರ್ಚ್ 20ರ ಕಾಗದ ಸುಳ್ಳು, ವಾಪಸ್ ಪಡೆಯುತ್ತೇವೆ ಎಂದು ಕಂಪನಿಗೆ ಅಂದೇ ಸಂಜೆ ಬರೆದು ಕೈಯಾರೆ ಮುಟ್ಟಿಸುವುದು. ಎರಡು: ಫೆಬ್ರವರಿಯಲ್ಲೇ ಗೊತ್ತಿದ್ದೂ ಮೂವತ್ತು ಜನರನ್ನು ಬಿಸಿಲಲ್ಲಿ ಒಣಗಿಸಿದವನಿಂದ ಆಮೆ ಡಾಕ್ಟರ್ ಬರೆದುಕೊಟ್ಟ ಚೀಟಿಯ ನಕಲು ಕೇಳುವುದು. ಬೆಂಚು, ನೀರು ಬಿಟ್ಟಿಲ್ಲ. ಮೂರು: ಸೆಕ್ರೆಟರಿಯ ಸ್ಥಾನ ಯಾರಿಗೆ ಬೇಕೋ ಅವರಿಗೆ.

ಮೊದಲ ಮಾತು ನನ್ನದು. ಏನು ಹೇಳಬೇಕು ಎಂದು ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಭಾಷಣ ಆಗಿಬಿಡುತ್ತದೆ. ಚಪ್ಪಾಳೆ ಬೀಳುವ ಮಾತು ನನಗೆ ಸಲೀಸು. ಇದು ಚಪ್ಪಾಳೆ ಬೀಳಬಾರದ ಮಾತು.

ಅವನಿಗೆ ಹೇಳಿ ಕಳಿಸಿದ್ದೇನೆ. ಬರುತ್ತಾನೋ ಗೊತ್ತಿಲ್ಲ. ಸೀಟಿ ಬರುವುದಿಲ್ಲವಂತೆ, ಬೇರೆಯವರನ್ನೂ ಬರಬೇಡಿ ಎನ್ನುತ್ತಿದ್ದಾನಂತೆ. ಇಪ್ಪತ್ತು ಜನ ಸೇರದಿದ್ದರೆ ನಿರ್ಣಯ ಇಲ್ಲ. ನಿರ್ಣಯ ಇಲ್ಲದಿದ್ದರೆ ಹತ್ತನೇ ತಾರೀಖಿಗೆ ಅವನ ಕೆಲಸ ಮುಗಿಯಿತು.

ಗೇಟಿನ ಹಲಗೆಗೆ ಅಂಟಿಸುವ ನೋಟೀಸು ಇದು, ಮೊದಲು ಇಲ್ಲೇ ಬರೆದು ನೋಡುತ್ತೇನೆ: ತುರ್ತು ಸಭೆ. ಮೂರನೇ ಸಾಲು. ನೆರಳಿದ್ದರೂ ಸರಿ, ಇಲ್ಲದಿದ್ದರೂ ಸರಿ. ನಾಳೆ, ಏಪ್ರಿಲ್ 9, ಗುರುವಾರ, ಮಧ್ಯಾಹ್ನ ಒಂದೂಕಾಲಕ್ಕೆ. ಎಲ್ಲರೂ ಬನ್ನಿ.